ಪುಟ್ಟಿಯ ಮೈಮೇಲೆ ಚುಕ್ಕೆ ಬಂದಿವೆ

ಸಾರಕ್ಕಿ, ಜೆ.ಪಿ. ನಗರ
೬ ಫೆಬ್ರವರಿ ೨೦೨೫, ಗುರುವಾರ

ಮಧುವಿನ ಅಪ್ಪನವರಿಗೆ,

ಅಂಜನಮ್ಮನ ನಮಸ್ಕಾರ. ಮಂಡಿ ನೋವು ಹೇಗಿದೆ? ಹಾರೋಹಳ್ಳಿಯ ತೋಟದ ಕಡೆ ಬೆಳಗಿನ ಹೊತ್ತು ಇನ್ನೂ ಚಳಿ ಬಿಟ್ಟಿಲ್ಲ ಎಂದು ಸೀನು ಹೇಳಿದ. ಅವನ ತರಕಾರಿ ಗಾಡಿಯಲ್ಲಿ ನಿಮ್ಮ ಸ್ವೆಟರ್, ಶುಗರ್ ಮಾತ್ರೆ, ಉಪ್ಸಾರಿನ ಖಾರ ಕಳಿಸಿದ್ದೇನೆ. ಕೋಪ ಬಂದಿದೆ ಎಂದು ನಿಮ್ಮ ಮಾತ್ರೆ ತಪ್ಪಿಸುವವಳಲ್ಲ ನಾನು. ಮಗಳು ಮಧು ಮೊನ್ನೆ ಪದ್ಮನಾಭನಗರದಿಂದ ಬಂದು ಹೋದಳು, ಅಳಿಯಂದಿರೂ ಚೆನ್ನಾಗಿದ್ದಾರೆ. ಇಲ್ಲಿಗೆ ಕ್ಷೇಮ ಸಮಾಚಾರ ಮುಗಿಯಿತು. ಮುಂದಿನದ್ದನ್ನು ಕೂತು ಓದಿ. ಫೋನಿನಲ್ಲಿ ಬೆಕ್ಕಿನ ಮಾತೆತ್ತಿದರೆ ಸಾಕು, ಮೋಟಾರು ರಿಪೇರಿಯವರು ಬಂದರು ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಮದುವೆಯಾದ ಮೇಲೆ ಮೊದಲ ಸಲ ನಿಮಗೆ ಕಾಗದ ಬರೆಯುತ್ತಿದ್ದೇನೆ.

ಪುಟ್ಟಿಯ ಮೈಮೇಲೆ ಚುಕ್ಕೆ ಬಂದಿವೆ. ಸಂಕ್ರಾಂತಿ ಕಳೆದ ಮೇಲೆ ಆ ಬೂದು ಕೂದಲು ಉದುರುತ್ತಾ ಬಂತು. ಚುಕ್ಕೆ ಮೊದಲು ಹೆಗಲ ಮೇಲೆ ಕಾಣಿಸಿತು, ಆಮೇಲೆ ಪಕ್ಕೆಯಲ್ಲಿ. ಬರಿಯ ಬೊಟ್ಟುಗಳಲ್ಲ, ಸುತ್ತ ಕಪ್ಪು ಅಂಚು, ಒಳಗೆ ಸುಟ್ಟ ಇಟ್ಟಿಗೆಯ ಬಣ್ಣ. ಹೊಟ್ಟೆಯ ಮೇಲೂ ಚುಕ್ಕೆ, ಬಾಲಕ್ಕೆ ಕಪ್ಪು ಬಳೆಗಳು. ಮಹಡಿಯ ಬಿಸಿಲಿನಲ್ಲಿ ಮಲಗಿದರೆ ಮೈಯೆಲ್ಲ ಚಿನ್ನದ ಪುಡಿ ಉದುರಿಸಿದ ಹಾಗೆ ಮಿನುಗುತ್ತದೆ. ದಿನಾ ಕೈಯಾರೆ ತಲೆ ಬಾಚಿದ ಹಾಗೆ ಬಾಚುತ್ತೇನೆ. ಯಾವ ಬಣ್ಣವೂ ಬಾಚಣಿಗೆಗೆ ಅಂಟಿಲ್ಲ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಏಕೆಂದರೆ ನೀವು ಊರಿಗೆಲ್ಲ ಅದನ್ನು ಬೇರೆ ಥರ ಹೇಳಿಕೊಂಡು ಬಂದಿರಿ. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಜಯಾ ತನ್ನ ಬೆಂಗಾಲ್ ಜಾತಿಯ ಬೆಕ್ಕು ಚಿನ್ನವ್ವ ಮರಿ ಹಾಕಿದಾಗ ನಮ್ಮಿಬ್ಬರನ್ನೂ ಮೇಲಕ್ಕೆ ಕರೆದು ತೋರಿಸಿದಳು. ಒಂದು ಮರಿಗೆ ನೀರಿನ ಮೇಲೆ ಎಣ್ಣೆ ತೇಲಿದಂಥ ಸುರುಳಿ ಪಟ್ಟೆ, ಇನ್ನೊಂದು ಹಾಲಿನ ಕೆನೆಯಂತೆ ಬಿಳಿ, ಮೂರನೆಯದು ಈ ಚುಕ್ಕೆಯದು. ಮೂರರಲ್ಲಿ ಚೆಂದದ್ದನ್ನು ಆಕೆ ತಾನಾಗಿಯೇ ನನಗೆ ಕೊಟ್ಟಳು. ಡೆಂಗ್ಯೂ ಬಂದು ನಾನು ಮಲಗಿದ್ದಾಗ ಗಂಜಿ ಕಾಯಿಸಿ ಕುಡಿಸಿದವಳೂ ಅವಳೇ. ಮರಿ ಇನ್ನೂ ಹಾಲು ಬಿಟ್ಟಿರಲಿಲ್ಲ, ಆಗಲೇ ನೀವು ಶಿವರಾಜನ ಟೀ ಅಂಗಡಿಯವರನ್ನೆಲ್ಲ ಮಹಡಿ ಹತ್ತಿಸಿ "ನಮ್ಮನೇಲಿ ಚಿರತೆ ಸಾಕ್ತಿದೀನಿ ಕಣ್ರೋ" ಎಂದು ತೋರಿಸಿದಿರಿ. ನಾನು ಬೇಡ ಎನ್ನಲಿಲ್ಲ. ನಿಮ್ಮ ಖುಷಿ ನೋಡಿ ನನಗೂ ಖುಷಿಯಾಗಿತ್ತು.

ದೀಪಾವಳಿಗೆ ಮರಿ ಕೆಳಗೆ ಬಂತು. ಬರಬರುತ್ತಾ ಉದ್ದನೆಯ ಬೂದು ಕೂದಲು ಎದ್ದು ಚುಕ್ಕೆಗಳೆಲ್ಲ ಮುಚ್ಚಿಹೋದವು, ಮೋರಿ ಹತ್ತಿರ ಓಡಾಡುವ ಬೆಕ್ಕಿನ ಹಾಗೆ ಆಯಿತು. ಟೀ ಅಂಗಡಿಯಲ್ಲಿ ಯಾರೋ ನಕ್ಕರು. ಅಷ್ಟಕ್ಕೇ ನಿಮ್ಮ ಮಾನ ಹೋಯಿತು. ಜಯಾಳನ್ನು ಅಂಗಳಕ್ಕೆ ಕೂಗಿ ಕರೆದಿರಿ. "ಏನಮ್ಮಾ, ಬೀದಿ ಬೆಕ್ಕಿನ ಮರೀಗೆ ಬಣ್ಣ ಬಳ್ದು ನಮ್ ತಲೆಗೆ ಕಟ್ಟಿದ್ಯಾ?" ಎಂದಿರಿ. ಅವಳು ನಿಂತು ಸಮಾಧಾನವಾಗಿಯೇ ಹೇಳಿದಳು: "ಸ್ವಲ್ಪ ದಿನ ತಡೀರಿ ಅಂಕಲ್. ಈ ಜಾತಿ ಮರಿಗೆ ಹಿಂಗs ಆಗತೈತಿ. ಈ ಕೂದ್ಲಾ ಉದುರಿದ ಮ್ಯಾಲೆ ಚುಕ್ಕಿ ಮತ್ತ ಕಾಣಸ್ತಾವ." ನೀವು ಕೇಳಿದಿರಾ? ಅವಳ ಮಾತು ಮುಗಿಯುವ ಮೊದಲೇ ಮರಿಯ ಕುತ್ತಿಗೆ ಹಿಡಿದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಲ್ಲಿ ಕೆಳಗಿಟ್ಟು, ಬಾರ್ ಸೋಪು ಹಾಕಿ ಬ್ರಷ್ಷಿನಲ್ಲಿ ಉಜ್ಜಿದಿರಿ. ಕಾಂಪೌಂಡಿನ ಆಚೆ ಜನ ನಿಂತು ನೋಡುತ್ತಿದ್ದರು. ಅದರ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ನಾನು ಕಸಿದುಕೊಳ್ಳಲು ಬಂದರೆ ಮೊಣಕೈಯಲ್ಲಿ ನೂಕಿದಿರಿ. ನೊರೆ ಬಿಳಿಯದಾಗಿಯೇ ಹರಿಯಿತು, ಒಂದು ಹನಿ ಬಣ್ಣ ಬಿಡಲಿಲ್ಲ. ಆಗಲಾದರೂ ನಿಲ್ಲಿಸಬಹುದಿತ್ತು. "ಹಂಗಾದ್ರೆ ಒಳ್ಳೇ ಮರೀನ ಬೇರೆ ಯಾರಿಗೋ ಕೊಟ್ಟು, ಇದನ್ನ ತಂದಿಟ್ಟಿದ್ದಾಳೆ" ಎಂದಿರಿ. ಜಯಾಳ ಗಂಡ ಚನ್ನವೀರ ಆಫೀಸಿನಿಂದ ಬಂದು ಕೇಳಿದ್ದಕ್ಕೆ, ಮನೆ ಖಾಲಿ ಮಾಡಿ ಎಂದಿರಿ.

ಅಲ್ಲಿಗೂ ಬಿಡಲಿಲ್ಲ. ಅವರು ಎಲ್ಲೆಲ್ಲಿ ಮನೆ ನೋಡಲು ಹೋದರೋ ಅಲ್ಲಿನ ಓನರುಗಳಿಗೆಲ್ಲ "ಆ ಗದಗದವರು ಮೋಸಗಾರರು, ಕೊಡ್ಬೇಡಿ" ಎಂದು ಹೇಳಿದಿರಿ. ಇದು ನನಗೆ ತಿಳಿದದ್ದು ಹೋದ ವಾರ. ಅವತ್ತೇ ತಿಳಿದಿದ್ದರೆ ನೀವು ತೋಟಕ್ಕೆ ಹೋಗುವ ಮೊದಲೇ ಈ ಮಾತು ಎದುರೆದುರೇ ಆಗುತ್ತಿತ್ತು.

ತಿಳಿದದ್ದು ಹೇಗೆಂದರೆ, ಚುಕ್ಕೆಗಳು ಪೂರಾ ತೆರೆದುಕೊಂಡ ಮೇಲೆ ಪುಟ್ಟಿಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಆಟೋದಲ್ಲಿ ತಿಲಕ್ ನಗರಕ್ಕೆ ಹೋದೆ. ಜಯಾ ಈಗ ಅಲ್ಲಿ ಒಂದು ಕೋಣೆಯ ಮನೆಯಲ್ಲಿದ್ದಾಳೆ. ನೋಡಿದರೆ ಸಂತೋಷಪಡುತ್ತಾಳೆ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ, ದಡ್ಡಿ ನಾನು. ಅವಳು ಪುಟ್ಟಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೊಂದೇ ಚುಕ್ಕೆಯ ಮೇಲೆ ಬೆರಳಿಟ್ಟು ನೋಡಿದಳು. "ಅವ್ವನ ಮೈಯಿನ ಹಂಗs ಬಂದಾವ ನೋಡ್ರಿ ಆಂಟಿ" ಎಂದಳು. ನಾನು ಮನೆಯೆಲ್ಲ ಕಣ್ಣಾಡಿಸಿ, ಚಿನ್ನವ್ವ ಎಲ್ಲಿ ಎಂದೆ. ಆ ಓನರು ಬೆಕ್ಕು ಕೂಡದು ಎಂದರಂತೆ. ನೀವು ಹೇಳಿದ್ದನ್ನು ಕೇಳಿ ಬೇರೆ ಯಾವ ಓನರೂ ಮನೆ ಕೊಡದೆ, ಚಿನ್ನವ್ವನನ್ನು ಹುಬ್ಬಳ್ಳಿಯ ಯಾರಿಗೋ ಕೊಟ್ಟು ಕಳಿಸಿದರಂತೆ. ಅಲ್ಲಿ ಎರಡು ದಿನ ಏನೂ ತಿನ್ನದೆ, ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಓಡಿಹೋಯಿತಂತೆ. ಇವತ್ತಿನವರೆಗೂ ಸಿಕ್ಕಿಲ್ಲ. ಇದನ್ನು ಹೇಳುವಾಗ ಜಯಾ ಅಳಲಿಲ್ಲ. ಚನ್ನವೀರ ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಲ್ಲಿಂದ ಬಂದವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಶಿವರಾಜನ ಟೀ ಅಂಗಡಿಗೆ ಹೋದೆ. ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಅದರ ಮೆಟ್ಟಿಲು ಹತ್ತಿದವಳಲ್ಲ. ನಿಮ್ಮ ಸ್ನೇಹಿತರೆಲ್ಲ ಇದ್ದರು. ಪುಟ್ಟಿಯನ್ನು ಟೇಬಲ್ಲಿನ ಮೇಲೆ ಇಳಿಸಿ, "ನೋಡ್ಕೊಳ್ಳಿ, ಅದೇ ಮರಿ. ಆ ಹುಡುಗಿ ಸುಳ್ಳು ಹೇಳಿರ್ಲಿಲ್ಲ, ನಮ್ಮ ಯಜಮಾನರು ಹೇಳಿದ್ದೇ ಸುಳ್ಳು" ಎಂದೆ. ಶಿವರಾಜ "ಬಿಡಿ ಅಕ್ಕ, ಒಂದ್ ಬೆಕ್ಕಿನ ವಿಷ್ಯಕ್ಕೆ..." ಎಂದ. ಬೆಕ್ಕಿನ ವಿಷಯವಾಗಿದ್ದರೆ ನಾನೂ ಬಿಡುತ್ತಿದ್ದೆ ಎಂದೆ. ನಿಮ್ಮ ಮರ್ಯಾದೆ ಹೋಯಿತು ಎಂದು ನಿಮಗೆ ಫೋನ್ ಬಂದಿರುತ್ತದೆ. ಹೋಗಿದ್ದರೆ ಹೋಗಲಿ. ಅವತ್ತು ಅಂಗಳದಲ್ಲಿ ಅವಳ ಮರ್ಯಾದೆ ಹೋದಾಗ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ, ಇನ್ನು ಹಾಗೆ ನಿಲ್ಲುವುದಿಲ್ಲ.

ರಾತ್ರಿ ಹೊತ್ತು ಪಂಪ್‌ಸೆಟ್ ಹತ್ತಿರ ಒಬ್ಬರೇ ಓಡಾಡಬೇಡಿ, ಹಾವಿನ ಕಾಟ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮಗೆ ಆರೋಗ್ಯ ಕೊಡಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ಇಂತಿ,
ಅಂಜನಮ್ಮ

ತಾ.ಕ.: ಸೀನು ಹೊರಗೆ ಹಾರ್ನ್ ಮಾಡುತ್ತಿದ್ದಾನೆ, ಇದಿಷ್ಟು ಅವಸರದಲ್ಲಿ. ಮೇಲಿನ ಮನೆಗೆ ವಾಪಸ್ ಬನ್ನಿ ಎಂದು ಜಯಾಳನ್ನು ಕರೆದೆ, ಬೇಡವಂತೆ. ಪುಟ್ಟಿಯನ್ನು ಇಟ್ಟುಕೋ ಎಂದೆ, ಅದೂ ಬೇಡವಂತೆ. ಅಂಕಲ್ ಒಂದು ಸಲ ಬಂದು, ಚನ್ನವೀರನ ಎದುರಿಗೆ, "ನೀನು ಮೋಸ ಮಾಡಿಲ್ಲಮ್ಮ" ಎಂದರೆ ಸಾಕಂತೆ. ಭಾನುವಾರ ಇಬ್ಬರೂ ಮನೆಯಲ್ಲಿರುತ್ತಾರೆ. ಅವರ ಮನೆ ಎಲ್ಲಿ ಎಂದು ಸೀನುವಿಗೆ ಹೇಳಿದ್ದೇನೆ. ನಾನು ಜೊತೆಗೆ ಬರುವುದಿಲ್ಲ, ನೀವೊಬ್ಬರೇ ಹೋಗಿ. ಆ ಮಾತು ಹೇಳಿದ ಮೇಲೆ ಇಲ್ಲಿಗೆ ಬನ್ನಿ, ಬಿಸಿ ಮುದ್ದೆ ಮಾಡಿ ಕಾಯುತ್ತೇನೆ. ಹೇಳದೆ ಬಂದರೆ ಬಾಗಿಲು ತೆಗೆಯುವುದಿಲ್ಲ.