ಹೊಲಿಗೆ ಯಂತ್ರದ ಬೆಲ್ಟು

ಅರಸೀಕೆರೆ, 2003

ಶಶಿ ಅಣ್ಣಾ,

ಸಣ್ಣ ಕೀಬೋರ್ಡ್ ಹೆಗಲಿಗೇರಿಸಿಕೊಂಡು ಆರ್ಕೆಸ್ಟ್ರಾದವರ ಜೊತೆ ಬೇಲೂರಿಗೆ ಹೋದ ಮೇಲೆ ನೀನು ಎಲ್ಲಿದ್ದೀಯೋ ಯಾರಿಗೂ ಗೊತ್ತಿಲ್ಲ. ಇದನ್ನು ಕಳಿಸಲು ವಿಳಾಸವೂ ಇಲ್ಲ.

ಅವ್ವನ ಬೇಸರ ಕಳೆಯಲೆಂದು ಇವತ್ತು ನಿನ್ನ ಹಳೆಯ ಆರ್ಗನ್ ಹಾಕಿದೆ. ಬಿಕ್ಕೋಡಿನ ಎಸ್ಟೇಟ್ ಬಂಗಲೆಯಿಂದ ಅದರ ಜೊತೆಗೇ ನೀನು ತಂದಿದ್ದ ಬೀರುವಿನಂಥ ಸ್ಪೀಕರ್ ಪೆಟ್ಟಿಗೆಯಿಂದ ಸ್ವರವೇನೋ ಬಂತು, ಆದರೆ ನೀನು ನುಡಿಸುವಾಗ ಸ್ವರ ತೂಗಾಡುತ್ತಿದ್ದ ಆ ಅಲೆ ಇರಲಿಲ್ಲ. ಹಿಂದಿನ ಹಲಗೆ ಬಿಚ್ಚಿ ನೋಡಿದೆ. ಮೋಟಾರು ತಿರುಗುತ್ತಿತ್ತು, ಶಬ್ದವನ್ನು ಸುತ್ತಲೂ ಬೀಸುವ ಕೊಂಬು ಮಾತ್ರ ನಿಂತೇ ಇತ್ತು. ನಡುವಿನ ಬೆಲ್ಟು ಸಡಿಲವಾಗಿ ಜಾರುತ್ತಿತ್ತು. ನನ್ನ ಹೊಲಿಗೆ ಯಂತ್ರದ ಬೆಲ್ಟನ್ನೇ ಅಳತೆಗೆ ಕತ್ತರಿಸಿ ಹಾಕಿದೆ, ಎಣ್ಣೆ ಬಿಟ್ಟೆ. ಕೊಂಬು ಸುತ್ತತೊಡಗಿತು. ನೀನು ಕಲಿಸಿದ್ದ ಸ್ವರಗಳನ್ನು ಒತ್ತಿದೆ. ನೀನು ನುಡಿಸುತ್ತಿದ್ದಾಗಿನ ಹಾಗೇ ಮನೆ ತುಂಬಿಕೊಂಡಿತು.

ಸಕ್ಕರೆ ಕಾಯಿಲೆಯಿಂದ ಅವ್ವನ ಕಣ್ಣು ಹೋಗಿದೆ, ನಿನಗೆ ತಿಳಿದಿಲ್ಲ. ಒಳಕೋಣೆಯಿಂದ ಕೂಗಿದಳು: "ಶಶೀ, ಬಂದ್ಯೇನಪ್ಪಾ?"

ನಾನು ನುಡಿಸುತ್ತಲೇ ಇದ್ದೆ.

ಗೋಡೆ ಸವರಿಕೊಂಡು ಬಂದಳು. "ಎಷ್ಟು ಸೊರಗಿದೀಯೋ ಏನೋ. ಇರು, ಸ್ವಾತಿ ಕೈಲಿ ರೊಟ್ಟಿ ಮಾಡಿಸ್ತೀನಿ" ಎನ್ನುತ್ತಾ ನನ್ನ ತಲೆ ನೇವರಿಸಿದಳು. ಅವಳ ಕೈ ಜಡೆಯ ಮೇಲೆ ಜಾರಿ ಅಲ್ಲೇ ನಿಂತಿತು.

"ನೀನಾ?" ಎಂದಳು. ಆಮೇಲೆ ಮೆಲ್ಲಗೆ, "ಚೆನ್ನಾಗೈತೆ ಕಣೇ. ಆರಿಸ್ಬಿಡು."

ಆರಿಸಿದೆ. ಕೊಂಬು ತಿರುಗಿ ತಿರುಗಿ ತಾನಾಗಿ ನಿಲ್ಲುವವರೆಗೂ ಅವ್ವ ನನ್ನ ಹೆಗಲು ಹಿಡಿದು ಕೇಳಿಸಿಕೊಳ್ಳುತ್ತಾ ನಿಂತಿದ್ದಳು.

ಸ್ವಾತಿ