ಗಾಜಿನ ಮೇಲಿನ ಹನಿ

ಏಪ್ರಿಲ್ 4, ಬೆಳಿಗ್ಗೆ 8
ಷೋ ಮುಗಿಯಿತು. ಗಂಟಲು ಕಟ್ಟಿದೆ. ಹನ್ನೆರಡು ಫೋನು, ಹನ್ನೊಂದರಲ್ಲಿ ಅದೇ ಪ್ರಶ್ನೆ: “ಮನೊಂಗ್ ಪಿಡ್ಯೊ, ತಾತಾಯ್ ಸಿಮೊ ಅಸಲಿನಾ, ನಕಲಿನಾ?” ಹನ್ನೆರಡನೆಯದು ಕಳೆದುಹೋದ ಹಂದಿಯ ಬಗ್ಗೆ.
ಸೆನೆಟರ್ ಮಾಕ್ಸಿಮೊ ಅಲ್ತರೆಹೊಸ್. ರಾಷ್ಟ್ರಾಧ್ಯಕ್ಷನಾಗಲು ನಿಂತಿದ್ದಾನೆ. ನಾನು ಜನಕ್ಕೆಲ್ಲ ‘ಮನೊಂಗ್’, ಅಣ್ಣ; ಅವನು ‘ತಾತಾಯ್’, ಅಪ್ಪ. ನನಗಿಂತ ಎಂಟು ವರ್ಷ ಚಿಕ್ಕವನು, ನನಗೂ ಅಪ್ಪ! ಈ ಸುತ್ತಿನ ಮೂರು ಪಟ್ಟಣ ನನ್ನ ರೇಡಿಯೋ ಕೇಳಿ ವೋಟು ಹಾಕುತ್ತೆ. ಭಾನುವಾರ ಹೇಳ್ತೀನಿ ಅಂದಿದ್ದೇನೆ. ಮಾತು ಕೊಟ್ಟೆ, ಮತ ಇನ್ನೂ ಕೊಟ್ಟಿಲ್ಲ.
ನಮ್ಮ ವರದಿಗಾರ ಡೊಮೆಂಗ್‌ಗೆ ಅವನನ್ನು ಕಂಡರಾಗದು. “ನಮ್ಮ ನದಿ ಮರಳು ತೋಡ್ತಿರೋ ಕಂಪನಿ ಯಾರದು ಗೊತ್ತಾ? ದಾಖಲೆ ತರ್ತೀನಿ, ತಡೀರಿ.” ತರಲಿ.

ಏಪ್ರಿಲ್ 5
ಡೊಮೆಂಗ್‌ನನ್ನು ಕೊಂದರು. ಬೆಳಿಗ್ಗೆ ಆರೂವರೆ, ಬೇಕರಿ ಮುಂದೆ. ಬೈಕಿನಲ್ಲಿ ಇಬ್ಬರು, ಹೆಲ್ಮೆಟ್. ಏಳು ಗುಂಡು. ಷೋ ಅರ್ಧಕ್ಕೆ ಬಿಟ್ಟು ಓಡಿದೆ. ಕೆಳದವಡೆ ಇರಲಿಲ್ಲ. ಬಿಸಿ ಬನ್ನಿನ ಪೊಟ್ಟಣ ಎದೆಗೆ ಅವಚಿಕೊಂಡೇ ಬಿದ್ದಿದ್ದ. ಕಾಗದ ರಕ್ತಕ್ಕೆ ನೆನೆದು ಹರಿದು ಬನ್ನು ಒಂದೊಂದಾಗಿ ಉರುಳಿದವು. ನಾನು ಅವನ್ನು ಹೆಕ್ಕುತ್ತಿದ್ದೆ. ಯಾಕೆ ಅಂತ ಗೊತ್ತಿಲ್ಲ.
ಜೋಕು ಹೊರಡುತ್ತಿಲ್ಲ.

ಏಪ್ರಿಲ್ 6
ಅವನ ಮನೆಗೆ ಹೋದೆ. ಹೆಣ ಇನ್ನೂ ಆಸ್ಪತ್ರೆಯಲ್ಲಿ. ಪುಷ್ಪಚಕ್ರ ಮಾತ್ರ ಆಗಲೇ ಬಂದು ನಿಂತಿದೆ. ಅದರ ರಿಬ್ಬನ್ನಿನಲ್ಲಿ ಸತ್ತವನ ಹೆಸರು ಸಣ್ಣದು, ‘ತಾತಾಯ್ ಸಿಮೊ’ ದೊಡ್ಡದು.
“ಹೆಣಕ್ಕಿಂತ ಮುಂಚೆ ಚಕ್ರ! ಇವನು ಗೆದ್ದರೆ ದೇಶಕ್ಕೇ ಚಕ್ರ ಬರುತ್ತೆ” ಅಂದೆ. ನಾಲ್ಕು ಜನ ನಕ್ಕರು. ಡೊಮೆಂಗ್‌ನ ಹೆಂಡತಿ ರೆಮಿ ಏನೋ ಹೇಳಲು ಬಾಯಿ ತೆರೆದಳು, ನನ್ನ ನಗು ನೋಡಿ ಮುಚ್ಚಿಕೊಂಡಳು.

ಏಪ್ರಿಲ್ 8, ಸಂಜೆ
ಬಂದ. ತಾತಾಯ್ ಸಿಮೊನೇ, ಡೊಮೆಂಗ್‌ನ ಮನೆಗೆ, ಕಾವಲಿನವರನ್ನು ಬೀದಿಯಲ್ಲೇ ಬಿಟ್ಟು, ಬರಿ ಶರಟಿನಲ್ಲಿ. ನಮ್ಮ ಜೊತೆ ಬೆಂಚಿನ ಮೇಲೆ ಕೂತು ಕಾಫಿಗೆ ಬಿಸ್ಕತ್ತು ಅದ್ದಿ ತಿಂದ. ಹೆಣದ ಪೆಟ್ಟಿಗೆಯ ಗಾಜಿನ ಮೇಲೆ ಕೋಳಿಮರಿ ಬಿಟ್ಟಿದ್ದರು, ಕೊಲೆಯಾದವರಿಗೆ ಬಿಡುವ ಹಾಗೆ. ಕೊಂದವನ ಎದೆ ಕುಕ್ಕಲಿ ಅಂತ. ಟಕ್ ಟಕ್ ಅಕ್ಕಿಕಾಳು ಕುಕ್ಕುತ್ತಿತ್ತು.
ಅವನು ಬಗ್ಗಿ ಡೊಮೆಂಗ್‌ನ ಮುಖ ನೋಡಿದ. ಹೊಲಿದು, ಮೇಣ ಮೆತ್ತಿದ ಮುಖ. ಅವನ ಕಣ್ಣು ತುಂಬಿತು. ಒಂದು ಹನಿ ಗಾಜಿನ ಮೇಲೆ ಬಿತ್ತು!
“ಅಯ್ಯೋ, ಹಿಂದಕ್ಕೆಳೀರೋ ಅವನನ್ನ!” ಡೊಮೆಂಗ್‌ನ ಅಜ್ಜಿ ಕಿರುಚಿದಳು. “ಪೆಟ್ಟಿಗೆ ಮೇಲೆ ಕಣ್ಣೀರು ಹಾಕಿದ್ಯಲ್ಲೋ, ನನ್ನ ಮಗು ದಾರಿ ಹಿಡಿಯೋದು ಹ್ಯಾಗೋ?”
ಅವನ ಮುಖ ಬಿಳಿಚಿತು. ಎಡತೋಳಿನಿಂದ ಒರೆಸಿದ. “ತಪ್ಪಾಯ್ತಮ್ಮಾ, ತಡೀಲಾಗ್ಲಿಲ್ಲ.”
ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ನಿಷೇಧ. ನಟಿಸುವವನಾಗಿದ್ದರೆ ಹಿಂದೆ ಸರಿದು, ಕರವಸ್ತ್ರ ಹಿಡಿದು ಅಳುತ್ತಿದ್ದ. ಮೈಮರೆತವನು ಮಾತ್ರ ಹೀಗೆ ತಪ್ಪುತ್ತಾನೆ. ಇವನು ಅಸಲಿ.

ಏಪ್ರಿಲ್ 10, ಭಾನುವಾರ
ಹೇಳಿಬಿಟ್ಟೆ. “ಕೇಳುಗರೇ, ಅಳಬಲ್ಲವನೇ ಆಳಬಲ್ಲ!” ಫೋನು ಕಾದು ಕೆಂಡ.

ಏಪ್ರಿಲ್ 21
ಹನ್ನೊಂದು ದಿನ ಬರೆದಿಲ್ಲ. ಪುರುಸೊತ್ತಿರಲಿಲ್ಲ, ದೊಡ್ಡ ಮನುಷ್ಯನಾಗಿದ್ದೆ. ನನ್ನ ಸಾಲು ಟೀಶರ್ಟಿನ ಮೇಲೆ, ಜೀಪಿನ ಹಿಂದೆ, ಎಲ್ಲೆಲ್ಲೂ.
ಈಗಷ್ಟೇ ಪಕ್ಕದ ಪ್ರಾಂತ್ಯದ ರೇಡಿಯೋದ ಲಿಗಾಯಾ ಫೋನು. ಅವರ ಊರಲ್ಲಿ ಮೀನುಗಾರರ ಮುಖಂಡನನ್ನು ಕತ್ತಿಯಿಂದ ಕೊಚ್ಚಿದ್ದಾರಂತೆ. ಎರಡು ಕೈಯೂ ಬೇರೆ ಬೇರೆ ದೋಣಿಯಲ್ಲಿ ಸಿಕ್ಕವು.
“ನಿಮ್ಮ ತಾತಾಯ್ ಬಂದಿದ್ರು ಮನೊಂಗ್. ನೀವಂದದ್ದು ಸರಿ ಕಣ್ರೀ, ಅಪ್ಪಟ ಮನುಷ್ಯ. ಪಾಪ, ದುಃಖ ತಡೀದೆ…”
“ಗಾಜಿನ ಮೇಲೆ ಬಿತ್ತಾ?”
“ನಿಮಗ್ಯಾರು ಹೇಳಿದ್ದು?”
“ಯಾವ ತೋಳಲ್ಲಿ ಒರೆಸಿದ?”
“ಎಡಗಡೇದು. ಯಾಕೆ?”
ಅವನು ಸಾವಿನ ಮನೆಗೆ ಹೋಗಿದ್ದ ಇನ್ನೂ ಮೂರು ಊರಿಗೆ ಫೋನು ಹಚ್ಚಿದೆ. ಐದು ಪೆಟ್ಟಿಗೆ, ಐದು ಹನಿ, ಐದೂ ಸಲ ಎಡತೋಳು. ಅಳತೆ ಮಾಡಿ ಅತ್ತಿದ್ದಾನೆ. ನಮ್ಮ ತಪ್ಪನ್ನೂ ಬಾಯಿಪಾಠ ಮಾಡಿದ್ದಾನೆ.


ಏಪ್ರಿಲ್ 22
ರೆಮಿಗೆ ಹೇಳಿದೆ. ಸೌಟಿನಿಂದ ಹೊಡೆದಳು. ಹುಬ್ಬು ಒಡೆಯಿತು. ತಡೆಯಲಿಲ್ಲ, ಅದು ನನಗೇ ಸೇರಬೇಕಾದದ್ದು.
ಆಮೇಲೆ ಕೂತು ಹೇಳಿದಳು. “ಆ ಚಕ್ರ ಬಂದಿದ್ದು ಇವ್ರು ಹೋದ ದಿನಾನೇ, ಬೆಳಿಗ್ಗೆ ಆರೂಕಾಲಿಗೆ. ಇವ್ರು ಬನ್ ತರೋಕೆ ಆಗಷ್ಟೇ ಹೊರಟಿದ್ರು. ಮನೆ ತಪ್ಪಿದೀರಪ್ಪಾ, ಇಲ್ಲಿ ಯಾರೂ ಸತ್ತಿಲ್ಲ ಅಂತ ಬೈದೆ. ಇಟ್ಟು ಹೋದ್ರು. ಅವತ್ತೇ ಹೇಳೋಣ ಅಂತಿದ್ದೆ, ನೀವು ಜೋಕು ಮಾಡ್ತಿದ್ರಿ.”

ಏಪ್ರಿಲ್ 23, ಮಧ್ಯಾಹ್ನ
ಬೆಳಗಿನ ಷೋದಲ್ಲಿ ಇಷ್ಟೇ ಅಂದೆ: ನಾಳೆ ಆರಕ್ಕೆ ಒಂದು ಮಾತು ವಾಪಸ್ ತಗೋತೀನಿ. ಹತ್ತಕ್ಕೆ ಟೀಶರ್ಟಿನ ಹಿಂಡು ಬಂತು. ಕಲ್ಲು. ಕಿಟಕಿ ಪುಡಿ. ನಮ್ಮ ಟೆಕ್ನೀಷಿಯನ್ ಬೆರ್ತಿಂಗ್‌ನ ಹಣೆ ಸೀಳಿ ಮೂಳೆ ಕಂಡಿತು, ಒಂಬತ್ತು ಹೊಲಿಗೆ. ಪ್ರತಿ ಕಲ್ಲಿನ ಜೊತೆ ನನ್ನದೇ ಸಾಲು ಕೂಗುತ್ತಿದ್ದರು. ಪ್ರಾಸ ಚೆನ್ನಾಗಿದೆ, ಎಸೆಯಲು ತಾಳ ಸಿಗುತ್ತೆ.
“ಬಿಟ್ಬಿಡಿ ಮನೊಂಗ್. ಜ್ವರ ಅನ್ನಿ, ಊರು ಬಿಡಿ” ಅಂದ ಬೆರ್ತಿಂಗ್, ಬ್ಯಾಂಡೇಜಿನೊಳಗಿಂದ.
ಬಿಡಬಹುದು. ಮೂರು ಪಟ್ಟಣದ ಕಿವಿಯಲ್ಲಿ ‘ಅಸಲಿ’ ಅಂತ ಉಳಿದುಬಿಡುತ್ತೆ. ನನ್ನ ದನಿಯಲ್ಲೇ.

ಏಪ್ರಿಲ್ 24, ಭಾನುವಾರ, ಬೆಳಿಗ್ಗೆ 5.50
ಸ್ಟುಡಿಯೋ. ಬೆರ್ತಿಂಗ್ ಗೇಟಿನಿಂದ ಓಡಿಬಂದ.
“ಮನೊಂಗ್, ಯಾರೋ ಇಬ್ರು ಪುಷ್ಪಚಕ್ರ ತಂದಿದಾರೆ. ಇಲ್ಲಿ ಯಾರೂ ಸತ್ತಿಲ್ಲ ಅಂದೆ. ಇಟ್ಟು ಹೋದ್ರು.”
“ಯಾರ ಹೆಸರು?”
ಅವನು ನನ್ನ ಮುಖ ನೋಡಲಿಲ್ಲ. “ಸಣ್ಣಕ್ಷರದಲ್ಲಿ… ನಿಮ್ದು.”
ದೊಡ್ಡಕ್ಷರದ್ದು ಯಾರದು ಅಂತ ಕೇಳಲಿಲ್ಲ.

5.57
ಬೆರ್ತಿಂಗ್‌ನನ್ನು ಹಿಂಬಾಗಿಲಿಂದ ದಬ್ಬಿದೆ. ಮೈಕು ಹಾಕೋದು ನನಗೂ ಬರುತ್ತೆ. ಡೊಮೆಂಗ್‌ಗೆ ಕಾಲು ಗಂಟೆ ಸಿಕ್ಕಿತ್ತು, ಬನ್ನಿಗೆ ಖರ್ಚು ಮಾಡಿದ. ನನಗೆ ಒಂದು ವಾಕ್ಯಕ್ಕಾದರೂ ಸಾಕಾಗಬೇಕು. ಬರೆದುಕೊಂಡೇ ಓದುತ್ತೇನೆ. ಹೊರಗೆ ಬೈಕು. ಒಡೆದ ಕಿಟಕಿ, ಎಲ್ಲ ಕೇಳುತ್ತೆ.
ಕೇಳುಗರೇ, ಡೊಮೆಂಗ್‌ನ ಮನೆಗೆ ತಾತಾಯ್ ಸಿಮೊನ ಪುಷ್ಪಚಕ್ರ ಬಂದಾಗ, ಡೊಮೆಂಗ್ ಇನ್ನೂ ಬೇಕರಿ ಕಡೆಗೆ ನಡೆ