ಎಲ್ಲಾ ದುಂಡಗೇ ಇವೆಯಲ್ಲ

ನಮ್ಮ ಮನೆಯ ಸಂಗೀತ ಇಲಾಖೆಯ ಸರ್ವಾಧಿಕಾರಿಣಿಯೂ, ನನ್ನ ಕಿವಿ ಹಿಂಡುವ ಸಂಪೂರ್ಣ ಹಕ್ಕುಳ್ಳವಳೂ ಆದ ಅಕ್ಕನಿಗೆ,

ಈ ಕಾಗದ ನಿನ್ನ ಊಟದ ಡಬ್ಬಿಯ ಕೆಳಗೆ ಸಿಕ್ಕಿರಬೇಕು. ಅಷ್ಟು ಹೊತ್ತಿಗೆ ಬಸ್ಸು ಊರು ದಾಟಿರುತ್ತದೆ, ಇಳಿದು ಬಂದು ನನಗೆ ಬಾರಿಸುವುದು ಕಷ್ಟ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಾಳೆ ನೀನು ಮತ್ತೆ ಶಾಲೆಯ ಸಂಗೀತದ ಕೋಣೆಗೆ ಪಾಠ ಹೇಳಲು ಹೋಗುತ್ತೀಯ. ಅದಕ್ಕೆ ಮೊದಲು ಒಂದು ಆರೋಪದಿಂದ ನನ್ನನ್ನು ಮುಕ್ತಗೊಳಿಸಬೇಕಾಗಿ ವಿನಂತಿ: ನಿನ್ನ ಸಿ.ಡಿ.ಗಳನ್ನು ಅದಲುಬದಲು ಮಾಡಿದವನು ನಾನಲ್ಲ.

ನಂಬುವುದು ಕಷ್ಟ, ಗೊತ್ತು. ಸಕ್ಕರೆ ಡಬ್ಬಿಯಲ್ಲಿ ಉಪ್ಪು, ಅರ್ಧ ಗಂಟೆ ಮುಂದೆ ಓಡುವ ಗಡಿಯಾರ, ಇವೆಲ್ಲ ನನ್ನ ಕೃತಿಗಳೇ. ಆದರೆ ಜೀವದ ಮೇಲೆ ಆಸೆ ಇರುವವನು ನಿನ್ನ ಕಪಾಟು ಮುಟ್ಟುತ್ತಾನೆಯೇ? ನಾಲ್ಕು ಖಾನೆ, ನಾಲ್ಕು ಚೀಟಿ: ಶಾಸ್ತ್ರೀಯ, ಜಾನಪದ, ಸಿನಿಮಾ, ಮತ್ತು ನನಗೆ ಇಷ್ಟವಾದದ್ದಕ್ಕೆಲ್ಲ ನೀನಿಟ್ಟ ಹೆಸರು, ಗಲಾಟೆ. ಆ ಕೊನೆಯ ಖಾನೆಯನ್ನು ನೀನು ಕಸದ ಬುಟ್ಟಿ ದಾಟುವವಳ ಹಾಗೆ ದಾಟುತ್ತಿದ್ದೆ.

ಆಮೇಲೆ ಜ್ವರ ಬಂತು, ಹೋಗುವಾಗ ನಿನ್ನ ಎರಡೂ ಕಿವಿಗಳನ್ನು ಕರೆದುಕೊಂಡು ಹೋಯಿತು. ಆಪರೇಷನ್ ಆಗಿ, ಕಿವಿಯ ಹಿಂದೆ ಯಂತ್ರ ಕೂತು, ಮಾತು ಕೇಳತೊಡಗಿದಾಗ ಅಮ್ಮ ಹೆದರಿ ಹೆದರಿ ಕೇಳಿದಳು, "ಹಾಡು ಕೇಳ್ಸುತ್ತೇನೇ?" "ಚೆನ್ನಾಗೇ ಕೇಳ್ಸುತ್ತಮ್ಮ" ಅಂದೆ ನೀನು. ಅಮ್ಮ ಅವತ್ತು ಹೊಟ್ಟೆ ತುಂಬ ಊಟ ಮಾಡಿದಳು.

ನಾನು ಮಾತ್ರ ನೋಡುತ್ತಲೇ ಇದ್ದೆ. ಹಾಡು ಹಾಕಲು ಹೋದರೆ ಸಾಕು, "ಮೊದಲು ಅದು ಯಾವ ಖಾನೇದು ಹೇಳೋ ಕೋತಿ" ಅನ್ನುತ್ತಿದ್ದೆ. ಶಾಸ್ತ್ರೀಯ ಅಂದರೆ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ, ಕೊನೆಯಲ್ಲಿ ಒಂದು ತೃಪ್ತಿಯ ಉಸಿರು. ಒಂದು ಮಧ್ಯಾಹ್ನ ನೀನು ಹಾಗೇ ತಲೆದೂಗುತ್ತಿರುವಾಗ ನಿನ್ನ ಯಂತ್ರ ಮಡಿಲಲ್ಲಿ ಬಿದ್ದಿರುವುದು ಕಂಡಿತು. ಹಾಡು ಶುರುವಾಗುತ್ತಲೇ ಕಳಚಿಟ್ಟಿದ್ದೆ. ಹಾವಿನ ಹೆಜ್ಜೆ ಹಾವೇ ಬಲ್ಲದು, ಅಕ್ಕ. ಚೀಟಿಯ ಹೆಸರು ಕೇಳಿ, ತಲೆಯೊಳಗಿನ ಹಳೆಯ ಹಾಡನ್ನೇ ಹಾಕಿಕೊಂಡು ಕೂರುತ್ತಿದ್ದೆ ನೀನು. ನಗಬೇಕಿತ್ತು. ಹಾಡು ಮುಗಿಯುವ ಮೊದಲೇ ಹೊರಗೆ ಹೋಗಿಬಿಟ್ಟೆ.

ಆ ವಾರವೇ ಅಮ್ಮ ಕಪಾಟು ಒರೆಸಿದ್ದು. ನೀನು ನಕಲು ಮಾಡಿಟ್ಟುಕೊಂಡ ಸಿ.ಡಿ.ಗಳೆಲ್ಲ ಬೋಳು ಬೋಳು, ಹೆಸರಿದ್ದದ್ದು ಡಬ್ಬಿಗಳ ಮೇಲೆ ಮಾತ್ರ. ಅಮ್ಮ ಎಲ್ಲವನ್ನೂ ಹೊರಗೆ ಹರಡಿ, ಸೀರೆಯ ಸೆರಗಲ್ಲಿ ತಿಕ್ಕಿ, ಕೈಗೆ ಸಿಕ್ಕ ಡಬ್ಬಿಗೆ ಸಿಕ್ಕಿದ್ದನ್ನು ತುರುಕಿದಳು. ಮಾರನೆಯ ದಿನ ನಾನು ಶಾಸ್ತ್ರೀಯ ಅಂತ ನಂಬಿ ಹಾಕಿದ್ದು ಮನೆಯ ಪಾತ್ರೆಗಳನ್ನೆಲ್ಲ ನಡುಗಿಸಿತು. ನೀನು ಕಣ್ಣು ಮುಚ್ಚಿ ಪರವಶಳಾಗಿದ್ದೆ. ಅಮ್ಮ ಸೌಟು ಹಿಡಿದೇ ಬಂದು ನಿನ್ನ ಭುಜ ಅಲುಗಿಸಿದಳು. "ಇದೇನೇ, ಇವನ ಗಲಾಟೆಗೂ ತಲೆದೂಗ್ತಿದೀಯ?"

ನೀನು ಯಂತ್ರ ಹಾಕಿಕೊಂಡು ಅಮ್ಮನ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡೆ, ನನ್ನ ಕಡೆ ನೋಡಿದೆ. ನ್ಯಾಯ ಅಲ್ಲೇ ಸತ್ತಿತು. ಅಮ್ಮ "ನಾನೇ ಕಣೇ ಡಬ್ಬಿಗೆ ಹಾಕಿದ್ದು. ಎಲ್ಲಾ ದುಂಡಗೇ ಇವೆಯಲ್ಲ" ಅಂದರೂ, ಅವಳು ನನ್ನನ್ನು ಉಳಿಸಲು ಹೇಳುತ್ತಿದ್ದಾಳೆ ಅಂದುಕೊಂಡೆ ನೀನು. ಬಯ್ಯುತ್ತಾ ಬಯ್ಯುತ್ತಾ ಅತ್ತುಬಿಟ್ಟೆ. "ನಂಗೆ ಹಾಡೇ ಕೇಳ್ಸಲ್ಲ ಕಣೋ. ತಗಡಿನ ಮೇಲೆ ಜಲ್ಲಿ ಸುರಿದ ಹಾಗಿರುತ್ತೆ. ಮಕ್ಕಳಿಗೆ ಏನು ಅಂತ ಕಲಿಸ್ಲಿ?"

ಮರುದಿನದಿಂದ ನಮ್ಮ ತರಗತಿ. ಊಟವಾದ ಮೇಲೆ, ಕಿಟಕಿ ಮುಚ್ಚಿ, ಸಣ್ಣ ದನಿಯಲ್ಲಿ, ಒಂದೇ ಹಾಡು. ಕೈಗೆ ಸಿಕ್ಕ ಸಿ.ಡಿ. ಹಾಕಿದ್ದು, ಯಾವ ಖಾನೆ ಅಂತ ಕೇಳಿದರೆ ಹೇಳಲು ಅದು ಶುರುವಾಗುವ ತನಕ ನನಗೂ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ನಂಬಲು ಯಾವ ಚೀಟಿಯೂ ಇಲ್ಲದೆ ನೀನು ಜಲ್ಲಿಯನ್ನೇ ಕೇಳಿದೆ. ಕೆಲವು ದಿನ ಬರೀ ಜಲ್ಲಿ. ಆಮೇಲೆ ಒಂದು ದಿನ ಅದರ ನಡಿಗೆ ಸಿಕ್ಕಿತು. ಮತ್ತೊಂದು ದಿನ ಕೈ ಎತ್ತಿ, "ತಡಿ, ಹಾಡೋಕೆ ಮುಂಚೆ ಯಾರೋ ಉಸಿರು ತಗೊಂಡ್ರು" ಅಂದೆ. ಅಷ್ಟು ವರ್ಷ ಆ ಹಾಡು ನನ್ನದಾಗಿದ್ದರೂ ಆ ಉಸಿರು ನನಗೆ ಕೇಳಿಸಿರಲಿಲ್ಲ. ಹೌದು, ಅದು ಗಲಾಟೆ ಖಾನೆಯದು. ಗುರುತು ಸಿಕ್ಕಿದ ಮೇಲೂ ಹೇಳಲಿಲ್ಲ. ನೀನು ಕೇಳುವುದನ್ನೂ ಬಿಟ್ಟಿದ್ದೆ.

ಆದರೂ ನನಗೆ ಪೂರ್ತಿ ಧೈರ್ಯ ಬಂದಿರಲಿಲ್ಲ, ನಿನ್ನ ನಟನೆ ಅಷ್ಟು ಚೆನ್ನ. ಬಂದದ್ದು ನಿನ್ನೆ. ನಾನು ಪಾತ್ರೆ ತೊಳೆಯುತ್ತಾ ನನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದೆ. ನೀನು ಹೊರಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ, ಬೆನ್ನು ನನ್ನ ಕಡೆ. ಅಲ್ಲಿಂದಲೇ ಬಂತು: "ಶ್ರುತಿ ಇಳೀತು ಕಣೋ ಕತ್ತೆ."

ಅಮ್ಮ ಒಲೆ ಆರಿಸಿ ಅಲ್ಲೇ ಕೂತುಬಿಟ್ಟಳು. ನಾನು ನಲ್ಲಿಯನ್ನು ಜೋರಾಗಿ ಬಿಟ್ಟೆ, ಮುಖ ತೊಳೆಯುವುದಿತ್ತು. ಚಿಕ್ಕಂದಿನಿಂದ ಆ ಬೈಗುಳಕ್ಕೆ ಕಿವಿ ಮುಚ್ಚಿಕೊಂಡವನು, ಅದಕ್ಕಾಗಿ ಇಷ್ಟು ತಿಂಗಳು ಕಾದಿದ್ದೆ ಅಂತ ನಿನ್ನೆ ತಿಳಿಯಿತು.

ಕಪಾಟಿನ ಚೀಟಿಗಳನ್ನು ಕಿತ್ತಿದ್ದೇನೆ. ಇದು ಮಾತ್ರ ನನ್ನದೇ ಕೆಲಸ, ಒಪ್ಪಿಕೊಂಡೆ. ನಿನ್ನ ಯಂತ್ರದ ಬ್ಯಾಟರಿಗಳು ಬ್ಯಾಗಿನ ಪಕ್ಕದ ಜೇಬಿನಲ್ಲಿವೆ. ಅಸಲಿಯೇ, ಹೆದರಬೇಡ. ಚಿಕ್ಕವನು ದೊಡ್ಡವಳನ್ನು ಹರಸುವಂತಿಲ್ಲ. ಅದಕ್ಕೇ ನಾಳೆ ನಿನ್ನ ಮುಂದೆ ಕೂರುವ ಮಕ್ಕಳನ್ನು ಹರಸುತ್ತೇನೆ: ಅವರು ಶ್ರುತಿ ತಪ್ಪಲಿ, ನೀನು ಹಿಡಿಯುವಂತಾಗಲಿ.

ಇಂತು, ಜನ್ಮದಲ್ಲಿ ಒಮ್ಮೆ ನಿರಪರಾಧಿಯಾದ,
ನಿನ್ನ ಕತ್ತೆ